ಇಪ್ಪತ್ತೇಳನೆಯ ಕೋಟು

ಮುಂದಿನ ಸಾಲಿನವರು ಬಟ್ಟೆಯ ಮುಖ ನೋಡುತ್ತಾರೆ.
ನಾನು ದೀರ್ಚೆ, ಪರದೆಯ ಹಿಂದಿನವಳು,
ಮಿಲಾನಿನ ಈ ಹಳೆಯ ಗೋದಾಮಿನಲ್ಲಿ
ಮೂವತ್ತೊಂದು ವರ್ಷದಿಂದ ಹಬೆ ಇಸ್ತ್ರಿ ಹಿಡಿದವಳು.
ನನಗೆ ಕಾಣುವುದು ಒಳಮೈ:
ಅಸ್ತರು, ಕತ್ತರಿಸದೆ ಬಿಟ್ಟ ದಾರ,
ರಾತ್ರಿ ಮೂರಕ್ಕೆ ಯಾರೋ ತೂಕಡಿಸುತ್ತ ಹಾಕಿದ ಕಚ್ಚಾ ಹೊಲಿಗೆ.

ನಮ್ಮ ಪಂಚಾಂಗವೇ ಬೇರೆ.
ಫೆಬ್ರವರಿಯ ಈ ಚಳಿಯೇ ಇನ್ನೂ ತೀರಿಲ್ಲ,
ಮುಂದಿನ ಚಳಿಗೆ ಕೋಟು ತಯಾರು.
ಸೆಪ್ಟೆಂಬರಿನಲ್ಲಿ ಹೊರಗೆ ಎಲೆ ಉದುರುವಾಗ
ಒಳಗೆ ಬರಿದೋಳು, ಲಿನನ್ನು, ಒಣಹುಲ್ಲಿನ ಟೋಪಿ.
ಋತುಗಳು ಇಲ್ಲಿ ಆರು ತಿಂಗಳು ಮೊದಲೇ ಹುಟ್ಟಿ
ಅಂಗಡಿಗೆ ಬರುವಷ್ಟರಲ್ಲಿ ಹಲ್ಲುದುರಿ ಕೂತಿರುತ್ತವೆ.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಅದಕ್ಕೇ ಹೇಳುತ್ತೇನೆ.

ಆ ಸಲ ಕಂದು.
ಎಲ್ಲರಿಗೂ ಒಂದೇ ರಾತ್ರಿ ಒಂದೇ ಕನಸು ಬಿದ್ದ ಹಾಗೆ
ಆರು ಮನೆಗಳಿಂದ ಅದೇ ಕಂದು.
ಒಬ್ಬರು ತಂಬಾಕು ಅಂದರು, ಒಬ್ಬರು ನೆನೆದ ತೊಗಟೆ,
ಮತ್ತೊಬ್ಬರು ಅದಕ್ಕೆ ಮೌನ ಎಂದು ಹೆಸರಿಟ್ಟರು.
ಮೌನದ ಮೇಲೆ ನಾನು ಕಾಫಿ ಚೆಲ್ಲಿದೆ.
ಯಾರಿಗೂ ಗೊತ್ತಾಗಲಿಲ್ಲ.

ಭುಜಗಳು ಮತ್ತೆ ಅಗಲ.
ಬಾಗಿಲಿನಷ್ಟಗಲದ ಈ ಭುಜ ನಾನು ನೋಡುತ್ತಿರುವುದು ಮೂರನೇ ಸಲ;
ಅದರ ಕೆಳಗಿನ ಹುಡುಗಿ ಮಾತ್ರ
ಮೂರು ಸಲವೂ ಅಷ್ಟೇ ಸಣ್ಣ.

ಅಟ್ಟಿಲಿಯೊನ ತೋಳು ಚೆಲುವೇ, ಸುಳ್ಳೇಕೆ ಹೇಳಲಿ,
ಗಂಟೆಯಂತೆ ಇಳಿದು ಮಣಿಕಟ್ಟಿಗೆ ಬಂದು ಮುಚ್ಚಿಕೊಳ್ಳುತ್ತಿತ್ತು.
ಆದರೆ ಕಂಕುಳು ಬಿಗಿ. ಕೈ ಮೊಣಕೈಯಿಂದ ಮೇಲೇಳದು.
ಕೇಳಿದೆ: ಇದನ್ನು ತೊಟ್ಟು ಹದಿನಾಲ್ಕನೇ ನಂಬರಿನ ಟ್ರಾಮಿನಲ್ಲಿ
ಮೇಲಿನ ಕಂಬಿ ಹಿಡಿಯುವುದು ಹೇಗೆ?
ನಕ್ಕ. ಇದನ್ನು ತೊಡುವವಳು ಟ್ರಾಮ್ ಹತ್ತುವುದಿಲ್ಲ, ದೀರ್ಚೆ.
ಯಾರನ್ನೂ ತಬ್ಬುವುದೂ ಇಲ್ಲವೇ, ಅಂದೆ.
ಅಷ್ಟರಲ್ಲಿ ಡ್ರಮ್ಮು ಶುರುವಾಯಿತು.

ಯೊವಿತಾಳ ಬೂಟು ಎರಡು ಅಳತೆ ದೊಡ್ಡದು,
ಮೂತಿಗೆ ಹತ್ತಿ ತುರುಕಿದೆವು, ಹಿಮ್ಮಡಿಗೆ ಅಂಟುಪಟ್ಟಿ.
ನಲವತ್ತು ಹೆಜ್ಜೆ ಹೋಗಿ, ನಲವತ್ತು ಹೆಜ್ಜೆ ಬಂದು,
ನಮ್ಮ ನಾಲ್ಕು ಕೈಗಳ ನಡುವೆ ಬತ್ತಲಾಗಿ
ಇನ್ನೊಬ್ಬಳಾಗಿ ಮತ್ತೆ ಹೊರಟಳು.
ಮರುದಿನದ ಪತ್ರಿಕೆಯಲ್ಲಿ: 'ದಿಟ್ಟ ನಡಿಗೆ'.
ಹತ್ತಿ ಎಲ್ಲಿಯದು ಎಂದು ಬರೆದಿರಲಿಲ್ಲ.

ಇಪ್ಪತ್ತೇಳನೆಯದು
ಬರಿಯ ಬೂದು ಉಣ್ಣೆಯ ಕೋಟು. ಸಣ್ಣ ಕಾಲರು.
ತಿರುವಿ ಹಬೆ ಹಿಡಿದಾಗ ನನ್ನ ಕೈ ನಿಂತಿತು:
ಅಸ್ತರಿನ ಅಂಚು ಕೈಹೊಲಿಗೆ, ಇರುವೆ ಸಾಲಿನಷ್ಟು ಕಿರಿದು,
ಕಾಜಗಳ ಕಣ್ಣು ಒಂದೂ ಸೊಟ್ಟಗಿಲ್ಲ,
ಜೇಬಿನ ಚೀಲಕ್ಕೆ ರೇಷ್ಮೆ ಬಿಟ್ಟು ಮೆತ್ತನೆಯ ಫ್ಲಾನೆಲ್ಲು.
ಯಾರೋ ಒಂದು ತಣ್ಣನೆಯ ಕೈಯನ್ನು ನೆನೆದು ಹೊಲಿದಿದ್ದರು.
ಹೊರಗೆ ಥಳಕು, ಒಳಗೆ ಹುಳುಕು
ನೋಡಿ ನೋಡಿ ಸವೆದ ಕಣ್ಣು ನನ್ನದು.
ಯಾರೂ ಇಲ್ಲದ್ದು ನೋಡಿ
ಆ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತೆ,
ಹತ್ತು ಎಣಿಸುವಷ್ಟು ಹೊತ್ತು.

ಅದು ಬೆಳಕಿಗೆ ಹೋದಾಗ ಕ್ಯಾಮೆರಾಗಳು ಇಳಿದವು.
ಒಬ್ಬರು ಮೂಗು ಒರೆಸಿಕೊಂಡರು.
ಆಮೇಲೆ ಅದು ಯಾವ ಅಂಗಡಿಗೂ ಬರಲಿಲ್ಲ,
ಹೊಲಿದವರ ಹೆಸರು ಕೇಳಿದೆ, ಪಟ್ಟಿಯಲ್ಲಿರಲಿಲ್ಲ.

ತೋಳು ಬಂತು.
ಎರಡು ಚಳಿಗಾಲ ದಾಟಿ, ಪಾಲಿಯೆಸ್ಟರಿನಲ್ಲಿ,
ಶನಿವಾರದ ಸಂತೆಯಲ್ಲಿ, ಇಪ್ಪತ್ತು ಯೂರೋಗೆ.

ಮೊನ್ನೆ ಹದಿನಾಲ್ಕನೇ ನಂಬರಿನಲ್ಲಿ
ಎದುರು ನಿಂತ ಹೆಂಗಸು ಅದನ್ನೇ ತೊಟ್ಟಿದ್ದಳು,
ಒಂದು ಕೈಯಲ್ಲಿ ಈರುಳ್ಳಿ ದಂಟಿನ ಚೀಲ.
ಕಂಕುಳಲ್ಲಿ ಕತ್ತರಿ ಆಡಿಸಿ
ಅಂಗೈಯಗಲ ನೀಲಿ ತುಂಡೊಂದನ್ನು
ತಾನೇ ಕೂಡಿಸಿ ಹೊಲಿದುಕೊಂಡಿದ್ದಳು.
ನೀಲಿ ಹೊಂದುತ್ತಿರಲಿಲ್ಲ. ಹೊಲಿಗೆ ಸೊಟ್ಟ.
ಇಸ್ತ್ರಿಯನ್ನಂತೂ ಕಂಡೇ ಇರಲಿಲ್ಲ,
ನನ್ನ ಹೆಬ್ಬೆರಳು ತುರಿಸಿತು.

ತಿರುವಿನಲ್ಲಿ ಟ್ರಾಮು ವಾಲಿತು.
ಕೈ ಪೂರಾ ಮೇಲೆತ್ತಿ
ಕಂಬಿ ಹಿಡಿದಳು.